ಸಿ ಪ್ರೋಗ್ರಾಮಲ್ಲಿ ಲೈಬ್ರರಿ ಫಂಕ್ಷನ್ನಾ, ಸ್ವಂತ ಕೋಡಾ? ತೋಟದ ಮಳೆ ಪುಸ್ತಕ ಇಟ್ಕೊಂಡು ನೋಡೋಣ

ಸಿ ಕಲಿತ ಹುಡುಗ್ರಲ್ಲಿ ಎರಡು ಪಾರ್ಟಿ ಇದೆ. ಒಂದು ಪಾರ್ಟಿ, ಲ್ಯಾಬಲ್ಲಿ "ಬಿಲ್ಟ್ ಇನ್ ಫಂಕ್ಷನ್ ಬಳಸದೆ ಸ್ಟ್ರಿಂಗಿನ ಉದ್ದ ಕಂಡುಹಿಡಿಯಿರಿ" ಅಂತ ಬರೆದೂ ಬರೆದೂ ಅದೇ ಅಭ್ಯಾಸ ಆಗಿ, ಕೆಲಸಕ್ಕೆ ಸೇರಿದ್ಮೇಲೂ ಸ್ಟ್ರ್‌ಲೆನ್ನಿಂದ ಹಿಡಿದು ಸಾರ್ಟಿಂಗ್ ತನಕ ಎಲ್ಲಾ ಕೈಯಾರೆ ಬರೆಯೋರು. ಇನ್ನೊಂದು ಪಾರ್ಟಿ "ಇರೋದನ್ನೇ ಮತ್ತೆ ಯಾಕೆ ಬರೀತೀಯ ಮಾರಾಯ" ಅಂತ ಹೆಡರ್ ಫೈಲಲ್ಲಿ (ಲೈಬ್ರರಿಲಿ ರೆಡಿ ಇರೋ ಫಂಕ್ಷನ್ನುಗಳ ಪಟ್ಟಿ) ಕಂಡಿದ್ದನ್ನೆಲ್ಲಾ ಕಣ್ಮುಚ್ಕೊಂಡು ಕರೆಯೋರು. ಎರಡೂ ಪಾರ್ಟಿ ಬಿಟ್ಟಿರೋ ಕೆಲಸ ಒಂದೇ, ಆ ಫಂಕ್ಷನ್ನಿನ ಕರಾರು ಓದೋದು. ಅದು ನಮ್ಮಿಂದ ಏನು ಕೇಳತ್ತೆ, ನಮಗೆ ಏನು ಕೊಡತ್ತೆ, ಕೆಟ್ಟ ಡೇಟಾ ಕೊಟ್ರೆ ಬಾಯಿಬಿಟ್ಟು ಹೇಳತ್ತಾ ಇಲ್ಲಾ ಸುಮ್ನೆ ನುಂಗ್ಕೊಳತ್ತಾ. ಈ ಕರಾರು ನಮ್ಮ ಡೇಟಾಗೆ ಹೊಂದಿದ್ರೆ ಲೈಬ್ರರಿ ತಗೊಳ್ಳಿ, ಅರ್ಧ ಹೊಂದಿದ್ರೆ ಲೈಬ್ರರಿ ಮೇಲೆ ನಾಲ್ಕು ಸಾಲು ಸ್ವಂತದ್ದು ಸೇರಿಸಿ, ಹೊಂದದೇ ಇದ್ರೆ ಮಾತ್ರ ಪೂರ್ತಿ ನೀವೇ ಬರೀರಿ. ಹೇಳೋಕೆ ಸುಲಭ, ಆದ್ರೆ ಎಲ್ಲಿ ಹೊಂದತ್ತೆ ಎಲ್ಲಿ ಇಲ್ಲ ಅನ್ನೋದು ನಿಜವಾದ ಡೇಟಾ ಮುಂದೆ ಇಟ್ಕೊಂಡ್ರೇನೇ ಗೊತ್ತಾಗೋದು.

ಹಂಗಾಗಿ ನಮ್ಮ ಕಡೆದೇ ಡೇಟಾ ತಗೊಳೋಣ. ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಯಾವ ಕಾಫಿ ತೋಟಕ್ಕೆ ಹೋದ್ರೂ ಒಂದು ಮಳೆ ಪುಸ್ತಕ ಇರತ್ತೆ. ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯೋದು, "ಒಂದು ಇಂಚು ಇಪ್ಪತ್ತು ಸೆಂಟ್ಸ್" ಅಂತ. ಬ್ಲಾಸಮ್ ಶವರ್ (ಕಾಫಿ ಹೂ ಅರಳಿಸೋ ಮಳೆ) ಯಾವತ್ತು ಬಿತ್ತು, ಬ್ಯಾಕಿಂಗ್ (ಅದಾದ್ಮೇಲಿನ ಎರಡನೇ ಮಳೆ) ಸಿಕ್ತಾ, ಜುಲೈ ಪೂರ್ತಿ ಎಷ್ಟಾಯ್ತು, ಎಲ್ಲಾ ಅದ್ರಲ್ಲೇ. ಈ ಪುಸ್ತಕನ ಎಕ್ಸೆಲಲ್ಲಿ ಟೈಪ್ ಮಾಡಿ ಸಿಎಸ್‌ವಿ (ಕಾಲಮ್ಮುಗಳ ಮಧ್ಯೆ ಕಾಮಾ ಇಟ್ಟ ಟೆಕ್ಸ್ಟ್ ಫೈಲು) ಮಾಡಿದ್ದಾರೆ ಅಂತ ಇಟ್ಕೊಳ್ಳಿ, ಸಾಲಿಗೆ ನಾಲ್ಕು ಕಾಲಮ್ಮು: ತಾರೀಖು, ಬ್ಲಾಕ್ (ತೋಟದ ಒಂದು ಭಾಗ) ಹೆಸರು, ಮಳೆ, ಷರಾ. ಉದಾಹರಣೆಗೆ "2024-04-12,ಹೊಳೆ ಬ್ಲಾಕ್,1.20,ಬ್ಲಾಸಮ್". ಇದನ್ನ ಓದಿ ತಿಂಗಳವಾರು ಟೋಟಲ್ ಮಾಡಿ ಬ್ಲಾಕ್ ಪ್ರಕಾರ ಪಟ್ಟಿ ಕೊಡೋ ಸಣ್ಣ ಪ್ರೋಗ್ರಾಮ್ ಬರೀಬೇಕು. ಇಷ್ಟೇ ಕೆಲಸದಲ್ಲಿ ಲೈಬ್ರರಿ ಗೆಲ್ಲೋ ಜಾಗ, ಸೋಲೋ ಜಾಗ, ಎರಡೂ ಬರತ್ತೆ.

ಶುರು ಮಾಡೋಕೆ ಮುಂಚೆ ಒಂದು ಮಾತು. ಲಿನಕ್ಸ್ ಇದ್ರೆ ಟರ್ಮಿನಲ್ಲಲ್ಲಿ ಮ್ಯಾನ್ 3 ಅಂತ ಹಾಕಿ ಪಕ್ಕದಲ್ಲಿ ಫಂಕ್ಷನ್ ಹೆಸರು ಕೊಡಿ. ಅದ್ರಲ್ಲಿ ಮೇಲಿನ ವಿವರಣೆ ಎಲ್ಲರೂ ಓದ್ತಾರೆ. ನೀವು ಕೆಳಗಡೆ ಹೋಗಿ "ರಿಟರ್ನ್ ವ್ಯಾಲ್ಯೂ", "ಸ್ಟ್ಯಾಂಡರ್ಡ್ಸ್", "ಬಗ್ಸ್" ಅನ್ನೋ ಭಾಗ ಓದಿ. ಕರಾರಿನ ಸಣ್ಣಕ್ಷರ ಎಲ್ಲಾ ಅಲ್ಲೇ ಇರೋದು. ಸ್ಟ್ಯಾಂಡರ್ಡ್ಸ್ ಭಾಗ ಯಾಕೆ ಅಂದ್ರೆ, ಟರ್ಬೋ ಸಿ ಲಿ ಕಲಿತೋರು ಕ್ಲಿಯರ್‌ಸ್ಕ್ರೀನ್, ಗೆಟ್‌ಚ್, ಸ್ಟ್ರ್‌ರೆವ್, ಐಟುಎ ಇವೆಲ್ಲಾ ಸ್ಟ್ಯಾಂಡರ್ಡ್ ಲೈಬ್ರರಿ ಅಂತಾನೇ ತಿಳ್ಕೊಂಡಿರ್ತಾರೆ, ಅದ್ಯಾವುದೂ ಸ್ಟ್ಯಾಂಡರ್ಡ್ ಸಿ ಅಲ್ಲ, ಆ ಕಂಪೈಲರ್ ಜೊತೆ ಬಂದಿದ್ದು ಅಷ್ಟೇ. ಲಿನಕ್ಸಿನ ಜಿಸಿಸಿ ಕಂಪೈಲರಿಗೆ ಬಂದ ತಕ್ಷಣ ಎಲ್ಲಾ ಎರರ್ರು. ಎಷ್ಟೋ ಜನ ದಿನಾ ಬಳಸೋ ಸ್ಟ್ರ್‌ಡಪ್ ಕೂಡ ಸಿ23 ಬರೋ ತನಕ ಸಿ ಸ್ಟ್ಯಾಂಡರ್ಡಲ್ಲಿ ಇರ್ಲಿಲ್ಲ, ಪಾಸಿಕ್ಸ್ ಅನ್ನೋ ಯುನಿಕ್ಸ್ ಕಡೆಯ ಸ್ಟ್ಯಾಂಡರ್ಡಲ್ಲಿ ಮಾತ್ರ ಇತ್ತು.

ಈಗ ಸಾಲು ಓದೋದು. ಗೆಟ್ಸ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಬಫರ್ (ಓದಿದ ಸಾಲು ಇಡೋ ಜಾಗ) ಎಷ್ಟು ದೊಡ್ಡದು ಅಂತ ಅದಕ್ಕೆ ಹೇಳೋಕೆ ದಾರಿನೇ ಇಲ್ಲ, 1988 ರಲ್ಲಿ ಇಂಟರ್ನೆಟ್ಟಲ್ಲಿ ತಾನಾಗೇ ಹರಡಿದ ಮಾರಿಸ್ ವರ್ಮ್ ಫಿಂಗರ್ ಸರ್ವರ್ ಒಳಗೆ ನುಗ್ಗಿದ್ದು ಇದೇ ಗೆಟ್ಸ್ ಮೂಲಕ, ಸಿ11 ರಲ್ಲಿ ಅದನ್ನ ಸ್ಟ್ಯಾಂಡರ್ಡಿಂದಲೇ ಕಿತ್ತಾಕಿದ್ರು. ಲೈಬ್ರರಿಲಿ ಇದೆ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಫ್‌ಗೆಟ್ಸ್ ತಗೊಳ್ಳಿ, ಅದರ ಕರಾರು ಚೆನ್ನಾಗಿದೆ: ಬಫರ್ ಸೈಜ್ ಕೇಳತ್ತೆ, ಅದನ್ನ ದಾಟಲ್ಲ, ಕೊನೆಗೆ ಸೊನ್ನೆ ಬೈಟ್ ಹಾಕೇ ಹಾಕತ್ತೆ. ಆದ್ರೆ ಎರಡು ವಿಷಯ ನಮಗೆ ಬಿಟ್ಟಿದೆ. ಸಾಲಿನ ಕೊನೆಯ ನ್ಯೂಲೈನ್ ತೆಗೆಯಲ್ಲ, ಮತ್ತೆ ಸಾಲು ಬಫರ್‌ಗಿಂತ ಉದ್ದ ಇದ್ರೆ ಅರ್ಧ ಕೊಟ್ಟು ಸುಮ್ನಾಗತ್ತೆ, ಮಿಕ್ಕ ಅರ್ಧ ಮುಂದಿನ ಸಲ ಕರೆದಾಗ ಹೊಸ ಸಾಲಿನ ಥರ ಬರತ್ತೆ. ಹಂಗಾಗಿ ಎಫ್‌ಗೆಟ್ಸ್ ಸುತ್ತ ಒಂದು ಸ್ವಂತ ಫಂಕ್ಷನ್ ಬರೀರಿ: ಬಂದ ಸಾಲಲ್ಲಿ ನ್ಯೂಲೈನ್ ಇಲ್ದೇ, ಫೈಲೂ ಮುಗಿದಿಲ್ಲ ಅಂದ್ರೆ ಸಾಲು ಉದ್ದ ಆಯ್ತು ಅಂತ ಎರರ್ ಕೊಡಿ. ಇದ್ರೆ ಸ್ಟ್ರ್‌ಸಿಸ್ಪ್ಯಾನ್‌ಗೆ (ಕೊಟ್ಟ ಗುರುತು ಬರೋ ತನಕ ಎಷ್ಟು ಬೈಟ್ ಅಂತ ಹೇಳೋ ಫಂಕ್ಷನ್) ಕ್ಯಾರೇಜ್ ರಿಟರ್ನ್ ಮತ್ತು ನ್ಯೂಲೈನ್ ಎರಡನ್ನೂ ಕೊಟ್ಟು, ಅದು ಹೇಳಿದ ಜಾಗದಲ್ಲಿ ಸೊನ್ನೆ ಇಡಿ. ಎರಡೂ ಯಾಕೆ ಅಂದ್ರೆ ಫೈಲು ವಿಂಡೋಸಿಂದ ಬಂದಿರೋದು, ಸಾಲಿನ ಕೊನೆಗೆ ಎರಡು ಬೈಟ್ ಇರತ್ತೆ, ಲಿನಕ್ಸಲ್ಲಿ ಓದಿದ್ರೆ ಕ್ಯಾರೇಜ್ ರಿಟರ್ನ್ ಷರಾ ಕಾಲಮ್ಮಿಗೆ ಅಂಟ್ಕೊಂಡು ಬಂದು "ಬ್ಲಾಸಮ್" ಜೊತೆ ಹೋಲಿಸಿದ್ರೆ ಯಾವತ್ತೂ ಸಮ ಬರಲ್ಲ. ಎಕ್ಸೆಲಲ್ಲಿ ಯುಟಿಎಫ್-8 ಸಿಎಸ್‌ವಿ ಅಂತ ಸೇವ್ ಮಾಡಿದ್ರೆ ಫೈಲಿನ ಮೊದಲ ಮೂರು ಬೈಟ್ 239, 187, 191 ಇರತ್ತೆ, ಅದನ್ನೂ ಮೊದಲ ಸಾಲಲ್ಲಿ ಹಾರಿಸ್ಬೇಕು. ಇದು ಸಿ ಸ್ಟ್ಯಾಂಡರ್ಡ್ ಲೈಬ್ರರಿಗೆ ಗೊತ್ತಿಲ್ಲ, ನಿಮಗೆ ಗೊತ್ತಿರ್ಬೇಕು.

ಸಾಲು ಒಡೆಯೋದಕ್ಕೆ ಬಂದಾಗ ಹತ್ತರಲ್ಲಿ ಒಂಬತ್ತು ಜನ ಸ್ಟ್ರ್‌ಟೋಕ್ ಅಂತಾರೆ. ಇಲ್ಲೇ ನಿಲ್ಲಿ. ಮಳೆ ಪುಸ್ತಕದಲ್ಲಿ ಖಾಲಿ ಜಾಗ ಇರೋದು ಮಾಮೂಲು: ಒಂದಿನ ರೈಟರ್ (ತೋಟದ ಲೆಕ್ಕ ಬರೆಯೋರು) ರಜ, ಅಳತೆ ತಗೊಂಡಿಲ್ಲ, ಸಾಲು "2024-06-18,ಹೊಳೆ ಬ್ಲಾಕ್,,ರಜ" ಅಂತ ಇದೆ. ಸ್ಟ್ರ್‌ಟೋಕ್ ಕರಾರು ಏನಂದ್ರೆ ಪಕ್ಕಪಕ್ಕ ಬಂದ ಎರಡು ಕಾಮಾನ ಒಂದೇ ಅಂತ ತಿಳ್ಕೊಳತ್ತೆ. ಅಂದ್ರೆ ಖಾಲಿ ಮಳೆ ಕಾಲಮ್ ಮಾಯ ಆಗಿ, "ರಜ" ಅನ್ನೋದು ಮೂರನೇ ಕಾಲಮ್ಮಿಗೆ ಬಂದು ಕೂರತ್ತೆ, ಅದನ್ನ ಎಟಾಯ್‌ಗೆ (ಟೆಕ್ಸ್ಟನ್ನ ನಂಬರ್ ಮಾಡೋ ಫಂಕ್ಷನ್) ಕೊಟ್ರೆ ಸೊನ್ನೆ, ಪ್ರೋಗ್ರಾಮ್ "ಅವತ್ತು ಮಳೆ ಇಲ್ಲ" ಅಂತ ಬರ್ಕೊಳತ್ತೆ. ಮಳೆ ಬಿದ್ದಿಲ್ಲ ಅನ್ನೋದಕ್ಕೂ ಅಳೆದಿಲ್ಲ ಅನ್ನೋದಕ್ಕೂ ತೋಟದೋರಿಗೆ ಬೇಕಾದಷ್ಟು ವ್ಯತ್ಯಾಸ ಇದೆ. ಎರಡು ಎರಡು ತಪ್ಪು ಆದ್ರೂ ಎಲ್ಲೂ ಎರರ್ ಬರ್ಲಿಲ್ಲ ನೋಡಿ. ಸಾಲದ್ದಕ್ಕೆ ಸ್ಟ್ರ್‌ಟೋಕ್ ಮೂಲ ಸ್ಟ್ರಿಂಗನ್ನೇ ಕತ್ತರಿಸಿ ಹಾಕತ್ತೆ, ಎಲ್ಲಿ ತನಕ ಬಂದೆ ಅನ್ನೋದನ್ನ ತನ್ನೊಳಗೇ ನೆನಪಿಟ್ಕೊಳತ್ತೆ, ಹಂಗಾಗಿ ಒಂದು ಲೂಪಿನ ಒಳಗೆ ಇನ್ನೊಂದು ಸ್ಟ್ರ್‌ಟೋಕ್ ಲೂಪ್ ಹಾಕಿದ್ರೆ ಎರಡೂ ಕೆಡತ್ತೆ. ಲಿನಕ್ಸಲ್ಲಿ ಸ್ಟ್ರ್‌ಸೆಪ್ ಅಂತ ಇದೆ, ಖಾಲಿ ಕಾಲಮ್ ಸರಿಯಾಗಿ ಕೊಡತ್ತೆ, ಆದ್ರೆ ಸ್ಟ್ಯಾಂಡರ್ಡ್ ಅಲ್ಲ.

ಹಂಗಂತ ಅಕ್ಷರ ಅಕ್ಷರ ನೋಡೋ ಲೂಪ್ ಬರೆಯೋದೂ ಬೇಡ. ಕಾಲಮ್ ಎಲ್ಲಿ ಮುಗಿಯತ್ತೆ ಅಂತ ಕಂಡುಹಿಡಿಯೋಕೆ ಸ್ಟ್ರ್‌ಸಿಸ್ಪ್ಯಾನ್ ಸಾಕು, ಕಾಮಾ ತನಕ ಎಷ್ಟು ಬೈಟ್ ಅಂತ ಹೇಳತ್ತೆ, ಖಾಲಿ ಇದ್ರೆ ಸೊನ್ನೆ ಅನ್ನತ್ತೆ. ಅದರ ಮೇಲೆ "ಶುರು ಎಲ್ಲಿ, ಉದ್ದ ಎಷ್ಟು" ಅಂತ ನಾಲ್ಕು ಕಾಲಮ್ಮಿಗೂ ಬರ್ಕೊಳೋ ಹತ್ತು ಸಾಲಿನ ಫಂಕ್ಷನ್ ನಿಮ್ಮದು. ಕಾಲಮ್ಮು ನಾಲ್ಕಕ್ಕಿಂತ ಕಮ್ಮಿ ಜಾಸ್ತಿ ಆದ್ರೆ ಸಾಲಿನ ನಂಬರ್ ಹೇಳಿ ಎರರ್. ಷರಾ ಒಳಗೇ ಕಾಮಾ ಬಂದು ಎಕ್ಸೆಲ್ಲು ಅದಕ್ಕೆ ಡಬಲ್ ಕೋಟ್ ಹಾಕಿದ್ರೆ ಈ ಹತ್ತು ಸಾಲು ಸಾಲಲ್ಲ, ಕೋಟ್ ಒಳಗಿದೀವಾ ಹೊರಗಿದೀವಾ ಅಂತ ನೋಡ್ಕೊಳೋ ಸರಿಯಾದ ಪಾರ್ಸರ್ ಬೇಕು, ಇಲ್ಲಾಂದ್ರೆ ಎಕ್ಸೆಲಿಂದ ಟ್ಯಾಬ್ ಹಾಕಿ ಸೇವ್ ಮಾಡ್ಸಿ, ತಲೆನೋವು ಕಮ್ಮಿ.

ಇನ್ನು ಮಳೆಯ ನಂಬರ್ರು. ನನ್ನ ಪ್ರಕಾರ ಈ ಇಡೀ ಪ್ರೋಗ್ರಾಮಲ್ಲಿ ತಲೆ ಓಡಿಸ್ಬೇಕಾಗಿರೋದು ಇಲ್ಲೇ.

ಎಟಾಯ್, ಎಟಾಫ್ ಎರಡನ್ನೂ ಮರೆತುಬಿಡಿ. "ರಜ" ಕೊಟ್ರೂ ಸೊನ್ನೆ, "0" ಕೊಟ್ರೂ ಸೊನ್ನೆ, ನಂಬರ್ ಇಂಟಲ್ಲಿ ಹಿಡಿಯದಷ್ಟು ದೊಡ್ಡದಾದ್ರೆ ಏನಾಗತ್ತೆ ಅಂತ ಸ್ಟ್ಯಾಂಡರ್ಡ್ ಹೇಳೋದೇ ಇಲ್ಲ. ಸರಿಯಾದದ್ದು ಸ್ಟ್ರ್‌ಟಾಲ್, ಸ್ಟ್ರ್‌ಟಾಡ್ (ಮೊದಲನೇದು ಪೂರ್ಣಾಂಕಕ್ಕೆ, ಎರಡನೇದು ದಶಮಾಂಶಕ್ಕೆ): ಎಲ್ಲಿ ತನಕ ಓದಿದೆ ಅಂತ ಎಂಡ್ ಪಾಯಿಂಟರ್ ಕೊಡತ್ತೆ, ರೇಂಜ್ ಮೀರಿದ್ರೆ ಎರ್‌ನೋ ಅನ್ನೋ ಎರರ್ ವೇರಿಯಬಲಲ್ಲಿ ಹೇಳತ್ತೆ (ಕರೆಯೋಕೆ ಮುಂಚೆ ಎರ್‌ನೋ ಸೊನ್ನೆ ಮಾಡ್ಕೊಳ್ಳಿ, ಅದು ತಾನಾಗೇ ಆಗಲ್ಲ). ಹಂಗಾದ್ರೆ 1.20 ನ ಸ್ಟ್ರ್‌ಟಾಡಿಗೆ ಕೊಟ್ಟು ಡಬಲ್ (ದಶಮಾಂಶ ಹಿಡಿಯೋ ಟೈಪ್) ತಗೊಂಡ್ರೆ ಮುಗೀತಲ್ಲ? ಇಲ್ಲ ಕಣ್ರೀ. ಮೊದಲನೇದು, 0.10 ಅನ್ನೋದು ಬೈನರಿಲಿ ಸರಿಯಾಗಿ ಕೂರಲ್ಲ, ಡಬಲಲ್ಲಿ 0.1 ನ ಹತ್ತು ಸಲ ಕೂಡಿ 1 ಜೊತೆ ಹೋಲಿಸಿ ನೋಡಿ, ಸಮ ಇಲ್ಲ ಅನ್ನತ್ತೆ. ಪ್ರಿಂಟ್ ಮಾಡುವಾಗ ಎರಡು ಸ್ಥಾನಕ್ಕೆ ಇಳಿಸಿದ್ರೆ ಕಾಣಲ್ಲ, "ಒಂದು ಇಂಚು ಮುಟ್ಟಿದ ದಿನಗಳು ಎಷ್ಟು" ಅಂತ ಲೆಕ್ಕ ಹಾಕಿದಾಗ ಒಂದೊಂದು ದಿನ ತಪ್ಪಿಹೋಗತ್ತೆ. ಎರಡನೇದು ಇನ್ನೂ ದೊಡ್ಡದು. ಪುಸ್ತಕದಲ್ಲಿ ಯಾರೋ 1.5 ಅಂತ ಬರೆದಿದ್ದಾರೆ. ಅದು ಒಂದು ಇಂಚು ಐವತ್ತು ಸೆಂಟ್ಸಾ, ಒಂದು ಇಂಚು ಐದು ಸೆಂಟ್ಸಾ? ದಶಮಾಂಶ ಅಂತ ನೋಡಿದ್ರೆ ಐವತ್ತು, ಇಂಚು ಬರೆದು ಚುಕ್ಕಿ ಇಟ್ಟು ಸೆಂಟ್ಸ್ ಬರೆಯೋ ರೂಢಿಯೋರು ಬರೆದಿದ್ರೆ ಐದು. ಸ್ಟ್ರ್‌ಟಾಡ್ ಖುಷಿಯಾಗಿ ಒಂದೂವರೆ ಅಂತ ಕೊಟ್ಬಿಡತ್ತೆ. ಅದರ ತಪ್ಪಲ್ಲ, ದಶಮಾಂಶ ಓದೋದು ಅದರ ಕರಾರು, ಮಳೆ ಪುಸ್ತಕ ಓದೋದಲ್ಲ. ಇದಕ್ಕೆ ಉತ್ತರ ಆ ತೋಟದ ರೈಟರ್ ಹತ್ರ ಮಾತ್ರ ಇದೆ.

ಅದಕ್ಕೆ ಇಲ್ಲಿ ಸ್ವಂತ ಫಂಕ್ಷನ್ನೇ ಸೈ, ಹಿಂಗೆ: ಎಲ್ಲಾನೂ ಸೆಂಟ್ಸಲ್ಲಿ, ಪೂರ್ಣಾಂಕವಾಗಿ ಇಡೋದು, 1.20 ಅಂದ್ರೆ 120. ಮೊದಲು ಕಾಲಮ್ ಪೂರ್ತಿ ಖಾಲಿನಾ ನೋಡಿ, ಖಾಲಿ ಇದ್ರೆ "ಅಳೆದಿಲ್ಲ" ಅನ್ನೋ ಬೇರೆ ಉತ್ತರ ಕೊಡಿ, ಸೊನ್ನೆ ಅಲ್ಲ. ಮೊದಲ ಬೈಟು ಅಂಕಿನೂ ಅಲ್ಲ ಚುಕ್ಕಿನೂ ಅಲ್ಲ ಅಂದ್ರೆ ತಿರಸ್ಕರಿಸಿ, ಯಾಕಂದ್ರೆ ಸ್ಟ್ರ್‌ಟಾಲ್ ಮುಂದಿರೋ ಸ್ಪೇಸ್, ಪ್ಲಸ್, ಮೈನಸ್ ಎಲ್ಲಾ ಒಪ್ಕೊಳತ್ತೆ, ಮೈನಸ್ ಮಳೆ ಎಲ್ಲೂ ಬೀಳಲ್ಲ. ಅಂಕಿ ಇದ್ರೆ ಸ್ಟ್ರ್‌ಟಾಲ್ ಕರೆದು ಇಂಚು ತಗೊಳ್ಳಿ, ಚುಕ್ಕಿಯಿಂದ ಶುರುವಾಗಿದ್ರೆ ಇಂಚು ಸೊನ್ನೆ (".20" ಅಂತ ಬರೆಯೋದು ಮಾಮೂಲಿ). ಒಂದೇ ದಿನಕ್ಕೆ ನಲವತ್ತು ಇಂಚಿಗಿಂತ ಜಾಸ್ತಿ ಬಂದ್ರೆ ಚುಕ್ಕಿ ಬಿಟ್ಟೋಗಿದೆ ಅಂತ ಅರ್ಥ, ವಾಪಸ್ ಕಳಿಸಿ. ಆಮೇಲೆ ಚುಕ್ಕಿ, ಅದಾದ್ಮೇಲೆ ಸರಿಯಾಗಿ ಎರಡು ಅಂಕಿ, ಅದಾದ್ಮೇಲೆ ಕಾಲಮ್ ಮುಗೀಬೇಕು. ಚುಕ್ಕಿನೇ ಇಲ್ದೇ ಬರೀ "2" ಅಂತಿದ್ರೆ ಎರಡು ಇಂಚು. "1.5" ಬಂದ್ರೆ ಊಹೆ ಮಾಡ್ಬೇಡಿ, ಸಾಲಿನ ನಂಬರ್ ಹೇಳಿ ವಾಪಸ್ ಕಳಿಸಿ, ರೈಟರ್ ಸರಿಮಾಡಿ ಕೊಡ್ಲಿ. ಒಳಗಡೆ ಭಾರದ ಕೆಲಸ ಸ್ಟ್ರ್‌ಟಾಲ್ ಮಾಡ್ತು, ಏನು ಒಪ್ಬೇಕು ಏನು ಬಿಡ್ಬೇಕು ಅನ್ನೋದು ನಿಮ್ಮದು. ಇಷ್ಟು ಗಟ್ಟಿಮುಟ್ಟಾಗಿ ಬರೆದ್ರೂ ಇಪ್ಪತ್ತೈದು ಸಾಲು ದಾಟಲ್ಲ.

ಕೆಲವು ಹಳೇ ಪುಸ್ತಕಗಳಲ್ಲಿ ಕನ್ನಡ ಅಂಕಿಗಳಿರತ್ತೆ, ಅದನ್ನ ಹಂಗೇ ಟೈಪ್ ಮಾಡಿದ್ರೆ ಸ್ಟ್ರ್‌ಟಾಲ್‌ಗೆ ೧೨ ಅನ್ನೋದು ಅಂಕಿ ಅಂತಾನೇ ಗೊತ್ತಾಗಲ್ಲ. ಸ್ವಂತ ಕೋಡಿಗೆ ಇದು ಸುಲಭ: ಯುಟಿಎಫ್-8 ನಲ್ಲಿ ಕನ್ನಡ ಅಂಕಿ ಮೂರು ಬೈಟು, ಮೊದಲೆರಡು 224, 179, ಮೂರನೇದು ೦ ಗೆ 166 ರಿಂದ ೯ ಕ್ಕೆ 175. ಮೂರನೇ ಬೈಟಲ್ಲಿ 166 ಕಳೆದ್ರೆ ಅಂಕಿ ಸಿಕ್ತು. ಸಾಲು ಓದಿದ ತಕ್ಷಣ ಇವನ್ನೆಲ್ಲಾ ಮಾಮೂಲಿ ಅಂಕಿಗೆ ತಿರುಗಿಸಿಬಿಟ್ರೆ ಮುಂದಿನ ಕೋಡಲ್ಲಿ ಏನೂ ಬದಲಾಯಿಸೋದು ಬೇಡ.

ಸಾರ್ಟಿಂಗಿಗೆ ಬರೋಣ. ಇಲ್ಲಿ ಸ್ವಂತ ಬರೆಯೋ ಚಪಲ ಬಿಡಿ, ಬಬಲ್ ಸಾರ್ಟ್ ಬಾಯಿಪಾಠ ಇದೆ ಅಂತ ಹಾಕೋದಲ್ಲ. ಕ್ಯೂಸಾರ್ಟ್ ತಗೊಳ್ಳಿ, ಆದ್ರೆ ಕರಾರು ಓದಿ. ಹೆಸರು ಹಂಗಿದ್ರೂ ಒಳಗೆ ಕ್ವಿಕ್ ಸಾರ್ಟೇ ಇರ್ಬೇಕು ಅಂತ ಸ್ಟ್ಯಾಂಡರ್ಡ್ ಹೇಳಿಲ್ಲ, ಸಮ ಇರೋ ಎರಡು ಸಾಲಿನ ಕ್ರಮ ಹಂಗೇ ಉಳಿಯತ್ತೆ ಅಂತಾನೂ ಮಾತು ಕೊಟ್ಟಿಲ್ಲ. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿ ಬಹಳ ವರ್ಷ ಒಳಗೆ ಮರ್ಜ್ ಸಾರ್ಟ್ ಬಳಸ್ತಿದ್ರಿಂದ ಕ್ರಮ ಉಳೀತಿತ್ತು, ಜನ ಅದೇ ನಿಯಮ ಅಂದ್ಕೊಂಡ್ರು, ಬೇರೆ ಸಿಸ್ಟಮ್ಮಿಗೆ ಹೋದಾಗ ಪಟ್ಟಿ ಹಿಂದುಮುಂದಾಯ್ತು. ಮಳೆ ಜಾಸ್ತಿಯಿಂದ ಕಮ್ಮಿಗೆ ಸಾರ್ಟ್ ಮಾಡುವಾಗ ಎರಡು ದಿನ ಸಮ ಬಂದ್ರೆ ತಾರೀಖು ನೋಡು ಅಂತ ಹೋಲಿಕೆ ಫಂಕ್ಷನ್ನಲ್ಲೇ ಬರೆದ್ಬಿಡಿ, ಆಮೇಲೆ ಒಳಗೆ ಏನಿದ್ರೇನು. ಹೋಲಿಕೆಗೆ ಒಂದರಿಂದ ಇನ್ನೊಂದು ಕಳೆದು ಉತ್ತರ ಕೊಡೋ ಶಾರ್ಟ್‌ಕಟ್ ಬೇಡ, ದೊಡ್ಡ ನಂಬರ್ರು, ಮೈನಸ್ ನಂಬರ್ರು ಬಂದಾಗ ಓವರ್‌ಫ್ಲೋ ಆಗತ್ತೆ, ದೊಡ್ಡದಾ ಚಿಕ್ಕದಾ ಅಂತ ಎರಡು ಸಲ ಕೇಳಿ. ತಾರೀಖು ವರ್ಷ-ತಿಂಗಳು-ದಿನ ಕ್ರಮದಲ್ಲಿ ಸೊನ್ನೆ ತುಂಬಿ ಬರೆದಿದ್ರೆ ಬರೀ ಸ್ಟ್ರ್‌ಕಂಪ್ (ಎರಡು ಸ್ಟ್ರಿಂಗ್ ಹೋಲಿಸೋದು) ಸಾಕು, ಒಡೆದು ನಂಬರ್ ಮಾಡೋ ಅವಶ್ಯಕತೆನೇ ಇಲ್ಲ.

ಬ್ಲಾಕ್ ಹೆಸರಿನ ಪ್ರಕಾರ ಸಾರ್ಟ್ ಮಾಡೋವಾಗ ಮಜಾ ಇದೆ. "ಹೊಸ ತೋಟ", "ಹೊಳೆ ಬ್ಲಾಕ್" ಎರಡರಲ್ಲಿ ಯಾವುದು ಮೊದಲು? ನಮ್ಮ ವರ್ಣಮಾಲೆಲಿ ಯ ರ ಲ ವ ಶ ಷ ಸ ಹ ಳ, ಳ ಕೊನೆಗೆ, ಹಂಗಾಗಿ ಹೊಸ ತೋಟ ಮೊದಲು. ಯೂನಿಕೋಡ್ ಟೇಬಲಲ್ಲಿ ಳ ಕೂತಿರೋದು ಲ ಪಕ್ಕ, ವ ಗಿಂತ ಮುಂಚೆ. ಸ್ಟ್ರ್‌ಕಂಪ್ ಬೈಟ್ ನೋಡಿ ಹೋಲಿಸೋದ್ರಿಂದ ಹೊಳೆ ಬ್ಲಾಕ್ ಮೇಲೆ ಬರತ್ತೆ. ಸ್ಟ್ರ್‌ಕಾಲ್ ಅನ್ನೋ ಫಂಕ್ಷನ್ ಭಾಷೆ ಪ್ರಕಾರ ಹೋಲಿಸೋಕೇ ಇರೋದು, ಆದ್ರೆ ಸೆಟ್‌ಲೊಕೇಲ್ (ಭಾಷೆ ಆರಿಸೋ ಫಂಕ್ಷನ್) ಕರೀದೇ ಇದ್ರೆ ಅದೂ ಸ್ಟ್ರ್‌ಕಂಪ್ ಥರಾನೇ, ಕರೆದ್ರೂ ಆ ಮೆಷೀನಲ್ಲಿ ಕನ್ನಡ ಲೊಕೇಲ್ ಹಾಕಿರ್ಬೇಕು, ತೋಟದ ಆಫೀಸಿನ ಕಂಪ್ಯೂಟರಲ್ಲಿ ಇರತ್ತೆ ಅಂತ ನಾನಂತೂ ನಂಬಿ ಕೂರಲ್ಲ. ನಮಗೆ ಬೇಕಾಗಿರೋದು ಒಂದೇ ಅಕ್ಷರದ ರಿಪೇರಿ, ಸಣ್ಣದಾಗಿ ಮಾಡ್ಕೊಳೋಣ: ಳ ಅಂದ್ರೆ 224, 178, 179. ಹ ಅಂದ್ರೆ 224, 178, 185. ಹ ಆದ್ಮೇಲೆ ಟೇಬಲಲ್ಲಿ ಜಾಗ ಖಾಲಿ ಇದೆ. ಪ್ರತಿ ಹೆಸರಿಗೂ ಒಂದು ಕಾಪಿ ಮಾಡಿ ಅದ್ರಲ್ಲಿ ಳ ಬಂದಲ್ಲೆಲ್ಲಾ ಮೂರನೇ ಬೈಟ್ 179 ನ 186 ಮಾಡಿ, ಆ ಕಾಪಿಗಳನ್ನ ಸ್ಟ್ರ್‌ಕಂಪಲ್ಲಿ ಹೋಲಿಸಿ, ತೋರಿಸೋಕೆ ಮಾತ್ರ ಮೂಲ ಹೆಸರು. ಕ್ಯೂಸಾರ್ಟ್ ಲೈಬ್ರರಿದು, ಸ್ಟ್ರ್‌ಕಂಪ್ ಲೈಬ್ರರಿದು, ನಮ್ಮದು ಆ ಒಂದು ಬೈಟ್.

ಕನ್ನಡ ಅಂದ್ಮೇಲೆ ಇನ್ನೂ ಎರಡು ಮಾತು ಹೇಳ್ಲೇಬೇಕು. ಸ್ಟ್ರ್‌ಲೆನ್‌ಗೆ "ಹಾಸನ" ಕೊಟ್ರೆ 12 ಅನ್ನತ್ತೆ, "ಚಿಕ್ಕಮಗಳೂರು" ಕೊಟ್ರೆ 33. ಅದು ಎಣಿಸೋದು ಬೈಟು, ಮೆಮೊರಿ ತಗೊಳೋಕೆ ಅದೇ ಸರಿಯಾದ ಉತ್ತರ. ಪ್ರಿಂಟ್‌ಎಫಲ್ಲಿ ಕಾಲಮ್ ಅಗಲ 12 ಅಂತ ಕೊಟ್ರೂ ಅದೂ ಬೈಟ್ ಲೆಕ್ಕಾನೇ, ಅದಕ್ಕೇ ಕನ್ನಡ ಹೆಸರು ಬಂದ ಸಾಲುಗಳೆಲ್ಲಾ ಸೊಟ್ಟ ಆಗೋದು. ಯೂನಿಕೋಡ್ ಚಿಹ್ನೆ ಎಷ್ಟು ಅಂತ ಬೇಕಾದ್ರೆ 128 ರಿಂದ 191 ರ ಒಳಗಿನ ಬೈಟ್ ಬಿಟ್ಟು ಮಿಕ್ಕಿದ್ದನ್ನ ಎಣಿಸಿ, ಹಾಸನಕ್ಕೆ 4, ಚಿಕ್ಕಮಗಳೂರಿಗೆ 11 ಬರತ್ತೆ. ನಮ್ಮ ಕಣ್ಣಿಗೆ ಕಾಣೋ ಅಕ್ಷರ 3 ಮತ್ತು 6, ಅದಕ್ಕೆ ಒತ್ತಕ್ಷರ, ಗುಣಿತ ಎಲ್ಲಾ ಸೇರಿಸ್ಬೇಕು, ಬೇರೆ ಕಥೆ, ಅಲ್ಲಿ ಐಸಿಯು ಅನ್ನೋ ಯೂನಿಕೋಡ್ ಲೈಬ್ರರಿ ಥರದ ದೊಡ್ಡದು ಹುಡುಕೋದೇ ವಾಸಿ. ಇನ್ನೊಂದು, ಐಸ್‌ಆಲ್ಫಾ, ಐಸ್‌ಡಿಜಿಟ್, ಟುಅಪ್ಪರ್ ಇವಕ್ಕೆ ಬರೀ ಕ್ಯಾರ್ ಕೊಡ್ಬೇಡಿ. ಪಿಸಿಲಿ ಕ್ಯಾರ್ ಸಾಮಾನ್ಯವಾಗಿ ಸೈನ್ಡ್ (ಮೈನಸ್ಸೂ ಹಿಡಿಯೋದು), ಕನ್ನಡದ 224 ಅಲ್ಲಿ ಮೈನಸ್ 32 ಆಗತ್ತೆ, ಇಒಎಫ್ (ಫೈಲು ಮುಗೀತು ಅನ್ನೋ ಗುರುತು) ಬಿಟ್ರೆ ಮೈನಸ್ ಕೊಡೋದು ಕರಾರಿನ ಹೊರಗೆ. ಮೈಕ್ರೋಸಾಫ್ಟ್ ಕಂಪೈಲರಲ್ಲಿ ಡೀಬಗ್ ಮೋಡಲ್ಲಿ ಇದ್ರೆ ಅಲ್ಲೇ ಅಸರ್ಟ್ ಹೊಡೆದು ನಿಲ್ಲತ್ತೆ. ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿ ಕೊಡಿ.

ಕಾಪಿ ಮಾಡೋ ಫಂಕ್ಷನ್ನುಗಳಲ್ಲಿ ಸ್ಟ್ರ್‌ಎನ್‌ಕಾಪಿ ಅಂತ ಒಂದಿದೆ, "ಎನ್ ಇದೆ, ಹಂಗಾಗಿ ಸೇಫು" ಅಂತ ಎಲ್ಲರೂ ನಂಬಿರೋದು. ಮೂಲ ಸ್ಟ್ರಿಂಗ್ ಜಾಗಕ್ಕಿಂತ ಉದ್ದ ಇದ್ರೆ ಅದು ಕೊನೆಗೆ ಸೊನ್ನೆ ಹಾಕೋದೇ ಇಲ್ಲ, ಚಿಕ್ಕದಿದ್ರೆ ಮಿಕ್ಕ ಜಾಗಕ್ಕೆಲ್ಲಾ ಸೊನ್ನೆ ತುಂಬತ್ತೆ. ಹಳೇ ಯುನಿಕ್ಸಲ್ಲಿ ಡೈರೆಕ್ಟರಿ ಒಳಗೆ ಫೈಲಿನ ಹೆಸರಿಗೆ 14 ಬೈಟಿನ ಫಿಕ್ಸ್ ಜಾಗ ಇರ್ತಿತ್ತು, ಅಂಥ ಜಾಗ ತುಂಬೋಕೆ ಮಾಡಿದ್ದು ಅದು, ಆ ಕೆಲಸಕ್ಕೆ ಸರಿಯಾಗೇ ಇದೆ. ನಮ್ಮ ಕೆಲಸಕ್ಕೆ ಎಸ್‌ಎನ್‌ಪ್ರಿಂಟ್‌ಎಫ್ ವಾಸಿ, ಸೊನ್ನೆ ಹಾಕತ್ತೆ, ಎಷ್ಟು ಬೇಕಿತ್ತು ಅಂತಾನೂ ಹೇಳತ್ತೆ, ಕತ್ತರಿಸಿದ್ದು ಗೊತ್ತಾಗತ್ತೆ. ಆದ್ರೆ ಅದು ಕನ್ನಡ ಅಕ್ಷರದ ಮಧ್ಯೆನೇ ಕತ್ತರಿಸತ್ತೆ: 20 ಬೈಟಿನ ಜಾಗಕ್ಕೆ ಚಿಕ್ಕಮಗಳೂರು ಹಾಕಿದ್ರೆ 19 ಬೈಟ್ ಉಳಿಯತ್ತೆ, ಆರು ಚಿಹ್ನೆ ಆಗಿ ಒಂದು ಬೈಟ್ ಚೂರು, ಸ್ಕ್ರೀನಲ್ಲಿ ಪ್ರಶ್ನೆ ಗುರುತು. ಕತ್ತರಿಸೋ ಜಾಗದಲ್ಲಿ ಮೂಲದಲ್ಲಿರೋ ಬೈಟು 128 ರಿಂದ 191 ರೊಳಗಿದ್ರೆ ಒಂದೊಂದೇ ಹಿಂದೆ ಬನ್ನಿ, ಇದು ಎರಡು ಸಾಲಿನ ಸ್ವಂತ ಕೋಡು.

ಮೆಮ್‌ಕಾಪಿ, ಮೆಮ್‌ಮೂವ್ (ಎರಡೂ ಮೆಮೊರಿಲಿ ಬೈಟು ಕಾಪಿ ಮಾಡೋವು) ವ್ಯತ್ಯಾಸ ಕ್ಲಾಸಲ್ಲಿ ಹೇಳಿರ್ತಾರೆ, ಯಾರೂ ಕಿವಿಗೆ ಹಾಕ್ಕೊಳಲ್ಲ. ಎರಡು ಜಾಗ ಒಂದರ ಮೇಲೊಂದು ಬಂದ್ರೆ ಮೆಮ್‌ಕಾಪಿ ಕರಾರು ಮುರಿದಂಗೆ, ಮೆಮ್‌ಮೂವ್ ಅದನ್ನ ಸರಿಯಾಗಿ ನೋಡ್ಕೊಳತ್ತೆ. "ನನ್ನ ಮೆಷೀನಲ್ಲಿ ಓಡತ್ತಲ್ಲ" ಅಂತೀರಾ? 2010 ರಲ್ಲಿ ಜಿಲಿಬ್‌ಸಿ 64 ಬಿಟ್ ಮೆಮ್‌ಕಾಪಿನ ಸ್ಪೀಡ್ ಮಾಡೋಕೆ ಕಾಪಿ ಮಾಡೋ ದಿಕ್ಕು ಬದಲಾಯಿಸಿದ್ರು, ಫೆಡೋರಾ 14 ಅನ್ನೋ ಲಿನಕ್ಸಲ್ಲಿ ಫ್ಲ್ಯಾಶ್ ಪ್ಲೇಯರಿನ ಸೌಂಡು ಗರಗರ ಅಂತ ಬರೋಕೆ ಶುರುವಾಯ್ತು, ಯಾಕಂದ್ರೆ ಫ್ಲ್ಯಾಶ್ ಒಳಗೆ ಒಂದರ ಮೇಲೊಂದು ಬರೋ ಜಾಗಕ್ಕೆ ಮೆಮ್‌ಕಾಪಿ ಹಾಕಿದ್ರು. ಲಿನಕ್ಸ್ ಶುರು ಮಾಡಿದ ಲೈನಸ್ ಟೋರ್ವಾಲ್ಡ್ಸೇ ಆ ಜಗಳದಲ್ಲಿ ಇಳಿದು ಬಳಕೆದಾರರಿಗೆ ತೊಂದ್ರೆ ಕೊಡ್ಬೇಡಿ ಅಂತ ಲೈಬ್ರರಿಯೋರನ್ನೇ ಬೈದ್ರು. ಯಾರ ಪರ ಆದ್ರೂ ಇರಿ, ಮೆಮ್‌ಮೂವ್ ಹಾಕಿದ್ದಿದ್ರೆ ಜಗಳನೇ ಇರ್ತಿರ್ಲಿಲ್ಲ.

ಸ್ಪೀಡಿನ ಬಗ್ಗೆ ಕೇಳೇ ಕೇಳ್ತೀರಿ. ಸ್ವಂತ ಸ್ಟ್ರ್‌ಲೆನ್ ಲೂಪು ಲೈಬ್ರರಿಗಿಂತ ಫಾಸ್ಟ್ ಆಗಲ್ಲ, ಅದು ಒಂದೇ ಏಟಿಗೆ 16, 32 ಬೈಟ್ ನೋಡೋ ಥರ ಪ್ರೊಸೆಸರಿಗೆ ತಕ್ಕಂಗೆ ಬರೆದಿರೋದು. ಆಪ್ಟಿಮೈಸೇಶನ್ ಆನ್ ಇದ್ರೆ ನೀವು ಬರೆದ ಕಾಪಿ ಲೂಪನ್ನ ಜಿಸಿಸಿ ಗುರುತು ಹಿಡಿದು ಅದನ್ನೇ ಮೆಮ್‌ಕಾಪಿ ಕರೆ ಮಾಡಿಬಿಡೋದೂ ಉಂಟು. ಓಎಸ್ ಇಲ್ದಿರೋ ಕಡೆ ಮೆಮ್‌ಸೆಟ್ (ಜಾಗ ಪೂರ್ತಿ ಒಂದೇ ಬೈಟ್ ತುಂಬೋದು) ಅನ್ನೋ ಹೆಸರಲ್ಲೇ ಸ್ವಂತ ಫಂಕ್ಷನ್ ಬರೆಯೋರು ಇದಕ್ಕೇ ಸಿಕ್ಕಾಕೊಳ್ತಾರೆ, ಒಳಗಿನ ಲೂಪು ಮತ್ತೆ ಮೆಮ್‌ಸೆಟ್ಟನ್ನೇ ಕರೆದು, ತನ್ನನ್ನ ತಾನೇ ಕರ್ಕೊಂಡು ಸುತ್ತತ್ತೆ.

ಲೈಬ್ರರಿ ನಿಧಾನ ಆಗೋ ಜಾಗ ಬೇರೆ. ಪ್ರತಿ ಸಲ ಸ್ಟ್ರ್‌ಕ್ಯಾಟ್ (ಒಂದರ ಕೊನೆಗೆ ಇನ್ನೊಂದು ಸೇರಿಸೋದು) ಹಾಕಿ ಉದ್ದ ಸ್ಟ್ರಿಂಗ್ ಕಟ್ಟಿದ್ರೆ ಅದು ಪ್ರತಿ ಸಲವೂ ಮೊದಲಿಂದ ಕೊನೆ ಹುಡುಕತ್ತೆ. ಎಸ್‌ಸ್ಕ್ಯಾನ್‌ಎಫ್ (ಸ್ಟ್ರಿಂಗಿಂದ ನಂಬರ್, ಪದ ಓದೋದು) ಎಷ್ಟೋ ಲೈಬ್ರರಿಗಳಲ್ಲಿ ಒಳಗೆ ಸ್ಟ್ರ್‌ಲೆನ್ ಕರೆಯತ್ತೆ. ಜಿಟಿಎ ಆನ್‌ಲೈನ್ ಗೇಮು ಲೋಡ್ ಆಗೋಕೆ ನಿಮಿಷಗಟ್ಟಲೆ ತಗೊಳ್ತಿದ್ದಿದ್ದಕ್ಕೆ ಒಂದು ಕಾರಣ ಇದೇ: ಸುಮಾರು 10 ಎಂಬಿ ಜೇಸನ್ ಟೆಕ್ಸ್ಟನ್ನ ಎಸ್‌ಸ್ಕ್ಯಾನ್‌ಎಫಲ್ಲಿ ತುಂಡು ತುಂಡಾಗಿ ಓದೋದು, ಪ್ರತಿ ತುಂಡಿಗೂ ಪೂರ್ತಿ ಉದ್ದ ಎಣಿಸೋದು. 2021 ರಲ್ಲಿ ಕಂಪನಿ ಹೊರಗಿನ ಒಬ್ಬ ಆಟಗಾರ ಇದನ್ನ ಕಂಡುಹಿಡಿದು, ಅದನ್ನೂ ಪಕ್ಕದ ಇನ್ನೊಂದು ದಡ್ಡ ಹುಡುಕಾಟನೂ ಸರಿಮಾಡಿ ಲೋಡಿಂಗ್ ಟೈಮ್ ಸುಮಾರು 70 ಪರ್ಸೆಂಟ್ ಇಳಿಸಿ ತೋರಿಸಿದ. ನಮ್ಮ ಮಳೆ ಫೈಲಿಗೆ ಇದ್ಯಾವ್ದೂ ಬೇಕಿಲ್ಲ, ದಿನಕ್ಕೊಂದು ಸಾಲು ಅಂದ್ರೆ ಹತ್ತು ವರ್ಷಕ್ಕೂ ನಾಲ್ಕು ಸಾವಿರ ಸಾಲಿಲ್ಲ. ನಿಧಾನ ಅನ್ಸಿದ್ರೆ ಪರ್ಫ್ ಅನ್ನೋ ಟೂಲ್ ಹಾಕಿ ಅಳೆದು ನೋಡಿ, ಆಮೇಲೆ ಕೈ ಹಾಕಿ.

ಪೂರ್ತಿ ಸ್ವಂತ ಕೋಡಿಗೇ ಹೋಗ್ಬೇಕಾದ ಜಾಗ ಅಂದ್ರೆ ತೋಟದಲ್ಲಿ ಇಡೋ ಮಳೆ ಲಾಗರ್, ತಾನಾಗೇ ಮಳೆ ಅಳೆದು ಬರ್ಕೊಳೋ ಯಂತ್ರ. ಟಿಪ್ಪಿಂಗ್ ಬಕೆಟ್ ಮಾಪಕ ಗೊತ್ತಲ್ಲ, ಸಣ್ಣ ಬಟ್ಟಲು ತುಂಬಿದಾಗ ಪಲ್ಟಿ ಹೊಡೆದು ಒಂದು ಪಲ್ಸ್ ಕೊಡತ್ತೆ. 0.01 ಇಂಚಿನ ಮಾಡೆಲ್ ತಗೊಂಡ್ರೆ ಒಂದು ಪಲ್ಟಿ ಅಂದ್ರೆ ಒಂದು ಸೆಂಟ್, ಪುಸ್ತಕದ ಲೆಕ್ಕಕ್ಕೆ ನೇರ ಹೊಂದತ್ತೆ. ಲಾಗರಿಗೆ ಹಾಕೋ ಆರ್ಡುಯಿನೋ ಯುನೋ ಆರ್3 ಅನ್ನೋ ಸಣ್ಣ ಬೋರ್ಡಲ್ಲಿ ಫ್ಲ್ಯಾಶ್ 32 ಕೆಬಿ, ರ್ಯಾಮ್ ಬರೀ 2 ಕೆಬಿ. ಅಲ್ಲಿ ಪ್ರಿಂಟ್‌ಎಫಿಗೆ ಫ್ಲೋಟ್ ಕೊಟ್ರೆ ಮಾಮೂಲಿ ಸೆಟ್ಟಿಂಗಲ್ಲಿ ಬರೀ ಪ್ರಶ್ನೆ ಗುರುತು ಪ್ರಿಂಟಾಗತ್ತೆ, ಫ್ಲೋಟ್ ಇರೋ ಪ್ರಿಂಟ್‌ಎಫ್ ಬೇಕು ಅಂದ್ರೆ ಬೇರೆ ಲೈಬ್ರರಿ ಲಿಂಕ್ ಮಾಡಿ ಫ್ಲ್ಯಾಶ್ ಜಾಸ್ತಿ ಕೊಡ್ಬೇಕು. ಸೆಂಟ್ಸ್ ಪೂರ್ಣಾಂಕ ಆಗಿದ್ರೆ 100 ರಿಂದ ಭಾಗಿಸಿ ಇಂಚು, ಶೇಷ ಸೆಂಟ್ಸು, ಐದು ಸಾಲಲ್ಲಿ ಮುಗೀತು. ಮ್ಯಾಲಾಕ್ (ಓಡುವಾಗ ಮೆಮೊರಿ ಕೇಳೋದು) ಬೇಡ, 2 ಕೆಬಿಲಿ ತಗೊಂಡು ಬಿಟ್ಟು ತಗೊಂಡು ಬಿಟ್ಟು ಮಾಡಿದ್ರೆ ಮೆಮೊರಿ ಚೂರುಚೂರಾಗಿ ಜುಲೈ ಮಧ್ಯರಾತ್ರಿ ನಿಲ್ಲತ್ತೆ, ಫಿಕ್ಸ್ ಸೈಜಿನ ಅರೇ ಇಟ್ಕೊಳ್ಳಿ. ಅಲ್ಲಿ ಇಂಟ್ 16 ಬಿಟ್ಟು, 32767 ತನಕ ಮಾತ್ರ, ಅಂದ್ರೆ 327 ಇಂಚು 67 ಸೆಂಟ್ಸ್. ವರ್ಷಕ್ಕೆ ನೂರು ಇಂಚು ಬೀಳೋ ಕಡೆ ಐದು ವರ್ಷದ ಟೋಟಲ್ ಅದ್ರಲ್ಲಿ ಹಿಡಿಯಲ್ಲ, 32 ಬಿಟ್ಟಿನ ಟೈಪ್ ಹಾಕಿ. ಕಡೂರು, ಅರಸೀಕೆರೆ ಕಡೆ ಈ ಚಿಂತೆ ಇಲ್ಲ ಬಿಡಿ.

ಟೈಮ್ ಲೆಕ್ಕ ಮಾತ್ರ ಪಿಸಿ ಕಡೆಯ ಲೈಬ್ರರಿಗೇ ಬಿಡಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30 ರಿಂದ ಮಾರನೇ ದಿನ 8:30 ತನಕ, ಅಳೆದ ದಿನದ ತಾರೀಖಿಗೆ ಸೇರತ್ತೆ. ಅಂದ್ರೆ 12 ನೇ ತಾರೀಖು ಹತ್ತು ಗಂಟೆಗೆ ಬಿದ್ದ ಮಳೆ 13 ರ ಲೆಕ್ಕಕ್ಕೆ. ಇದನ್ನ ಗಂಟೆ ನೋಡಿ, ತಿಂಗಳ ಕೊನೆ ನೋಡಿ, ಫೆಬ್ರವರಿ 29 ನೋಡಿ ಅಂತ ಇಫ್ ಮೇಲೆ ಇಫ್ ಹಾಕೋದು ಬೇಡ. ಪಲ್ಸ್ ಬಂದ ಟೈಮಿಗೆ ಹದಿನೈದೂವರೆ ಗಂಟೆ, ಅಂದ್ರೆ 55800 ಸೆಕೆಂಡ್ ಕೂಡಿ ಲೋಕಲ್‌ಟೈಮಿಗೆ ಕೊಡಿ, ಅದು ಹೇಳಿದ ತಾರೀಖೇ ಮಳೆ ದಿನ. ಪಾಸ್‌ವರ್ಡು, ಓಟಿಪಿ, ಎನ್‌ಕ್ರಿಪ್ಷನ್ ವಿಷಯದಲ್ಲೂ ಸ್ವಂತ ಬುದ್ಧಿ ಬೇಡ, ಆದ್ರೆ ಅಲ್ಲಿ ಸಿ ಲೈಬ್ರರಿಯ ರ್ಯಾಂಡೂ ಬೇಡ: ಅದರ ಗರಿಷ್ಠ 32767 ಇದ್ರೂ ಸಾಕು ಅನ್ನತ್ತೆ ಸ್ಟ್ಯಾಂಡರ್ಡು, ಟೈಮ್ ಹಾಕಿ ಸೀಡ್ ಮಾಡಿದ್ರೆ ಊಹೆ ಮಾಡಿಬಿಡ್ತಾರೆ. ಓಎಸ್ ಕೊಡೋ ಗೆಟ್‌ರ್ಯಾಂಡಮ್ ಥರದ್ದು ತಗೊಳ್ಳಿ.

ಕೊನೇದಾಗಿ, ಸ್ವಂತ ಬರೆದ ಪ್ರತಿ ಫಂಕ್ಷನ್ನಿಗೂ ಟೆಸ್ಟ್ ನೀವೇ ಬರೀಬೇಕು, ಲೈಬ್ರರಿದಾದ್ರೆ ಕೋಟಿಗಟ್ಟಲೆ ಪ್ರೋಗ್ರಾಮುಗಳು ಆಗ್ಲೇ ಟೆಸ್ಟ್ ಮಾಡಿರತ್ತೆ. ಲ್ಯಾಬಿಗೆ ಸ್ವಂತ ಸ್ಟ್ರ್‌ಕಂಪ್ ಬರೆದಿದ್ರೆ ಸಾವಿರಾರು ರ್ಯಾಂಡಮ್ ಸ್ಟ್ರಿಂಗ್ ಕೊಟ್ಟು ಲೈಬ್ರರಿ ಉತ್ತರದ ಜೊತೆ ಹೋಲಿಸಿ (ಪ್ಲಸ್ಸಾ ಮೈನಸ್ಸಾ ಮಾತ್ರ ನೋಡಿ, ನಂಬರ್ ಒಂದೇ ಇರ್ಬೇಕು ಅಂತಿಲ್ಲ), ಕನ್ನಡ ಹೆಸರುಗಳನ್ನೂ ಸೇರಿಸಿ, ಸೈನ್ಡ್ ಕ್ಯಾರ್ ತಪ್ಪಿದ್ರೆ ಅಲ್ಲೇ ಸಿಕ್ಕಿಬೀಳತ್ತೆ. ಮಳೆ ಓದೋ ಫಂಕ್ಷನ್ನಿಗೆ ಹೋಲಿಸೋಕೆ ಲೈಬ್ರರಿ ಇಲ್ಲ, ಅದಕ್ಕೆ ಕೈಯಲ್ಲೇ ಪಟ್ಟಿ ಮಾಡ್ಕೊಳ್ಳಿ: ಖಾಲಿ, "0.00", "1.20", ".05", "2" ಇವೆಲ್ಲಾ ಪಾಸ್ ಆಗ್ಬೇಕು. "1.", ".", "1.5", "1.200", "-1.20", "1,20", ಮುಂದೆ ಸ್ಪೇಸ್ ಇರೋ "1.20", "ರಜ", ಇಪ್ಪತ್ತು ಅಂಕಿಯ ನಂಬರ್ರು, ಇವೆಲ್ಲಾ ಎರರ್ ಕೊಡ್ಬೇಕು. ಜಿಸಿಸಿಲಿ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಸರ್ (ಓಡುವಾಗ ಮೆಮೊರಿ ತಪ್ಪು, ಮುರಿದ ಕರಾರು ಹಿಡಿಯೋವು) ಎರಡೂ ಆನ್ ಮಾಡಿ ಈ ಪಟ್ಟಿ ಓಡಿಸಿ, ಪಾಸ್ ಆದ್ಮೇಲೆ ಹೋದ ವರ್ಷದ ಒಂದು ತಿಂಗಳ ಪುಸ್ತಕ ಹಾಕಿ, ರೈಟರ್ ಕೈಯಲ್ಲಿ ಕೂಡಿಸಿಟ್ಟಿರೋ ಟೋಟಲ್ ಜೊತೆ ಸೆಂಟ್ಸ್ ತಪ್ಪದಂಗೆ ತಾಳೆ ಆಗತ್ತಾ ನೋಡಿ.